ಹೆಂಚಿನ ಮೇಲಿನ ಹೆಸರು

ಸಿಗಂದೂರಿಗೆ ಹೋಗುವ ಭಕ್ತರು ಶರಾವತಿಯ ಹಿನ್ನೀರನ್ನು ಕಂಡು ಬೆರಗಾಗುತ್ತಾರೆ; 2025ರ ಜುಲೈ ತಿಂಗಳಲ್ಲಿ ತೆರೆದ ಸೇತುವೆಯನ್ನು ಕೊಂಡಾಡುತ್ತಾರೆ. ಆ ಸೀಮೆಯ ಹಳೆಯ ಮನೆಗಳ ಮಾಡಿನ ಕಡೆಗೆ ಕಣ್ಣೆತ್ತುವವರು ಮಾತ್ರ ವಿರಳ. ಮಳೆಗೆ ಕಪ್ಪಿಟ್ಟ ಮಂಗಳೂರು ಹೆಂಚೊಂದನ್ನು ಮಗುಚಿ ನೋಡಿದರೆ ಕೆಲವೊಮ್ಮೆ ಅದರ ಬೆನ್ನಿನಲ್ಲಿ ‘ಬಾಸೆಲ್ ಮಿಷನ್’ ಎಂಬ ಇಂಗ್ಲಿಷ್ ಅಕ್ಷರಗಳ ಅಚ್ಚು ಕಾಣುವುದುಂಟು. ಬಾಸೆಲ್ ಎಂಬುದು ಸ್ವಿಟ್ಸರ್ಲೆಂಡ್, ಜರ್ಮನಿ, ಫ್ರಾನ್ಸ್ ಈ ಮೂರು ದೇಶಗಳ ಗಡಿ ಕೂಡುವೆಡೆ ರೈನ್ ನದಿಯ ದಡದಲ್ಲಿರುವ ನಗರ. ಅದರ ಹೆಸರು ಘಟ್ಟ ಹತ್ತಿ ಬಂದ ವೃತ್ತಾಂತದಲ್ಲಿ ಹೆಂಚಿಗಿಂತ ಮೊದಲು ಹಸಿದ ಮಕ್ಕಳಿದ್ದಾರೆ.

ಆ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು 1833ರ ಶಾಸನದಿಂದ. ಬ್ರಿಟಿಷರಲ್ಲದ ಪಾದ್ರಿಗಳೂ ಕಂಪೆನಿಯ ಸೀಮೆಯಲ್ಲಿ ನೆಲಸಲು ಆಗ ಅವಕಾಶವಾಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಕನ್ನಡ ಶಾಲೆ ಆರಂಭವಾಯಿತು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕನೆಂದು ನಾವೆಲ್ಲ ಬಲ್ಲ ಮೊಗ್ಲಿಂಗ್ ಹುಡುಗರಿಗಾಗಿ ವಸತಿಶಾಲೆಯನ್ನು ನಡೆಸಿದವನೂ ಹೌದು. ಮುಂದೆ ಮೂಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ, ಉಡುಪಿಯಲ್ಲಿ ಗಂಡುಮಕ್ಕಳಿಗೆ ಅನಾಥಾಲಯಗಳಾದವು. 1876–78ರ ಧಾತು ಈಶ್ವರ ಕ್ಷಾಮ ತಂದೆತಾಯಿಗಳನ್ನು ನುಂಗಿದಾಗ ಘಟ್ಟದ ಮೇಲಿನ ಮಕ್ಕಳೂ ಮಿಷನ್ನಿನ ಆಶ್ರಯಕ್ಕೆ ಬಂದರು.

ಇಷ್ಟು ಬಾಯಿಗೆ ಅನ್ನ ಎಲ್ಲಿಂದ? ಸಿರಿವಂತರ ಕೊಡುಗೆ ಇದ್ದೇ ಇತ್ತು. ಆದರೆ 1855ರಿಂದ ಮೊದಲಾದ ‘ಅರ್ಧ ಬಾಟ್ಸೆನ್’ ಸಂಗ್ರಹದ ಸೊಗಸೇ ಬೇರೆ. ಬಾಟ್ಸೆನ್ ಒಂದು ಚಿಲ್ಲರೆ ನಾಣ್ಯ. ಅದರ ಅರ್ಧವನ್ನು ವಾರಕ್ಕೊಮ್ಮೆ ಸಾಮಾನ್ಯ ಮನೆಗಳವರು ಕೊಡುವುದು, ಯಾರಾದರೊಬ್ಬರು ಮನೆಮನೆಗೆ ಹೋಗಿ ಅದನ್ನು ಕೂಡಿಸುವುದು: ನಮ್ಮ ಕಡೆಯ ಮುಷ್ಟಿಯಕ್ಕಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮುದ್ರವನ್ನೇ ಕಾಣದ ಹಳ್ಳಿಯ ಮುದುಕಿಯೂ ಕನ್ನಡ ನಾಡಿನ ಮಗುವಿನ ಗಂಜಿಯಲ್ಲಿ ಪಾಲುಗಾರಳಾಗಬಹುದಾಗಿತ್ತು.

ಗಂಜಿಯಿಂದ ಕೆಲಸ ಮುಗಿಯಲಿಲ್ಲ. ಮತಾಂತರ ಹೊಂದಿದವನನ್ನು ಕುಲದವರು ಹೊರಗಿಡುತ್ತಿದ್ದರು, ಒಕ್ಕಲು ತಪ್ಪುತ್ತಿತ್ತು. ಕಳ್ಳು ಇಳಿಸುವ ಕಸುಬನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಆಶ್ರಯದಲ್ಲಿ ಬೆಳೆದ ಹುಡುಗ ಪ್ರಾಯಕ್ಕೆ ಬಂದಮೇಲೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವಾಗಿ 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಶಾಲೆ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬಾತನ ಹೆಂಚಿನ ಕಾರ್ಖಾನೆ ತಲೆಯೆತ್ತಿದವು. ನದಿಯ ಜೇಡಿ, ಘಟ್ಟದ ಸೌದೆ, ಕೂಲಿಗೆ ಕಾದ ಕೈಗಳು, ಮೂರೂ ಒದಗಿದವು. ಧರ್ಮಪ್ರಸಾರಕ್ಕೆ ಬಂದವರು ವ್ಯಾಪಾರಕ್ಕಿಳಿಯಬಹುದೇ ಎಂಬ ತಕರಾರು ಮಿಷನ್ನಿನೊಳಗೇ ಎದ್ದಿತು. ಹೆಂಚು ಮಾತ್ರ ಯಾರ ತಕರಾರಿಗೂ ಕಾಯದೆ, ಮದರಾಸು ಆಧಿಪತ್ಯದ ಗಡಿ ದಾಟಿ ಮೈಸೂರು ಸೀಮೆಯ ಮಾಡುಗಳನ್ನೇರಿತು.

ಇದರ ಮತ್ತೊಂದು ಮುಖವನ್ನು ಮುಚ್ಚಿಡಲಾಗದು. 1844ರಲ್ಲಿ ಆನಂದರಾವ್ ಕೌಂಡಿನ್ಯನೆಂಬ ವಿದ್ಯಾರ್ಥಿ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಆತ ತಿಳಿದು ಆರಿಸಿಕೊಂಡ ತರುಣ. ಬರಗಾಲದಲ್ಲಿ ಕೈಹಿಡಿದು ತಂದ ನಾಲ್ಕು ವರ್ಷದ ಕೂಸು ಏನನ್ನು ಆರಿಸಿಕೊಂಡೀತು? ಅದಕ್ಕೆ ಅನ್ನದ ಜೊತೆಗೆ ಹೊಸ ದೇವರೂ ಸಿಕ್ಕಿದ. ಬಿಟ್ಟುಬಂದ ಮನೆಯ ನೆನಪು ಕ್ರಮೇಣ ಅಳಿಸಿತು. ಹಾಗೆಂದು ಜರೆಯುವವರು ಅದೇ ಬರಗಾಲದಲ್ಲಿ ಆ ಕೂಸಿನ ನೆರೆಹೊರೆಯ ಬಾಗಿಲುಗಳು ಏಕೆ ತೆರೆಯಲಿಲ್ಲವೆಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಗಡಿಗಳನ್ನು ದಾಟಿ ಬೆಳೆದ ಈ ಕಾರ್ಯಕ್ಕೆ ಪೆಟ್ಟು ಬಿದ್ದದ್ದೂ ಗಡಿಯ ಜಗಳದಿಂದಲೇ. ಸಂಸ್ಥೆ ಸ್ವಿಟ್ಸರ್ಲೆಂಡಿನದಾದರೂ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡೊಡನೆ ಅವರು ಶತ್ರುದೇಶದ ಪ್ರಜೆಗಳಾದರು; ಸೆರೆಶಿಬಿರ ಸೇರಿ, ಆಮೇಲೆ ಹಡಗು ಹತ್ತಿದರು. ಬಾಸೆಲ್ಲಿನವರು 1920ರ ದಶಕದಲ್ಲಿ ಮರಳಿ ಬಂದರೂ ಕಾರ್ಖಾನೆಗಳು ಅಷ್ಟರೊಳಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದ್ದವು. ಹೆಂಚು ಸುಡುವುದು ನಿಲ್ಲಲಿಲ್ಲ. ಬೆನ್ನಿನ ಅಚ್ಚಿನಲ್ಲಿ ಹೆಸರು ಮಾತ್ರ ಬೇರೆಯಾಯಿತು.