ಚೂರಲ್‌ಮಲ ವ್ಯೂ ಪಾಯಿಂಟ್ ಅಲ್ಲ

ರಜೆಗೆ ವಯನಾಡಿಗೆ ಬರೋ ನೆಂಟರು, ಗೆಳೆಯರು ‘ಗುಡ್ಡ ಕುಸಿದ ಜಾಗ ಎಲ್ಲಿ, ಕಾರು ಅಲ್ಲೀವರೆಗೆ ಹೋಗುತ್ತಾ?’ ಅಂತ ಕೇಳ್ತಾರೆ. ದಾರಿ ತೋರಿಸೋ ಮೊದಲು ಗಡಿ ಕನ್ನಡಿಗರಾದ ನಾವು ಎರಡು ಮಾತು ಹೇಳಬೇಕು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಸತ್ತವರಲ್ಲಿ ಮಂಡ್ಯ, ಚಾಮರಾಜನಗರ ಮೂಲದವರೂ ಇದ್ದರು. ಹುಡುಕಾಟ ನಡೀತಿದ್ದಾಗಲೇ ‘ನೋಡೋಕೆ ಬರಬೇಡಿ’ ಅಂತ ಕೇರಳ ಪೊಲೀಸರು ಮನವಿ ಮಾಡಬೇಕಾಯ್ತು. ಪುತ್ತುಮಲದಲ್ಲಿ ಗುರುತು ಸಿಗದವರನ್ನು ಬರೀ ನಂಬರ್ ಹಾಕಿ ಮಣ್ಣು ಮಾಡಿದರು. ಅಲ್ಲಿ ಸೆಲ್ಫಿ ಯಾಕೆ?

ಹಾಗಂತ ಬರಲೇಬೇಡಿ ಅನ್ನೋದೂ ತಪ್ಪು. ಕುಸಿದದ್ದು ಮೇಪ್ಪಾಡಿ ಪಂಚಾಯಿತಿಯ ಒಂದು ಭಾಗ. ಬುಕಿಂಗ್ ರದ್ದಾಗಿ ಹೊಟ್ಟೆಗೆ ಪೆಟ್ಟು ಬಿದ್ದದ್ದು ಇಡೀ ಜಿಲ್ಲೆಯ ಜೀಪ್ ಡ್ರೈವರ್, ಹೋಂಸ್ಟೇ, ಹೋಟೆಲಿನವರಿಗೆ. ಬಂದವರಿಗೆ ಎಡಕ್ಕಲ್ ಗುಹೆ, ಬಾಣಾಸುರ ಸಾಗರ ತೋರಿಸೋಣ. ಇಲ್ಲಿನ ಕಾಫಿ, ಮೆಣಸು ಕೊಳ್ಳಲಿ. ಪುತ್ತುಮಲಕ್ಕೆ ಹೋಗೋದಾದ್ರೆ ಮೊಬೈಲ್ ಜೇಬಿನಲ್ಲಿರಲಿ. ಬದುಕುಳಿದವರನ್ನು ‘ಆ ರಾತ್ರಿ ಏನಾಯ್ತು’ ಅಂತ ಕೆದಕೋದು ಬೇಡ.

ನಮ್ಮದೊಂದು ಬೇಡಿಕೆ: ಅಲ್ಲಿನ ಸೂಚನಾ ಫಲಕಗಳು ಕನ್ನಡದಲ್ಲೂ ಇರಬೇಕು. ಗುಂಡ್ಲುಪೇಟೆ ದಾಟಿ ಬರೋರಿಗೆ ‘ಓದೋಕೆ ಬರಲಿಲ್ಲ’ ಅನ್ನೋ ನೆಪ ಉಳಿಯಬಾರದು.