ಧೋತರದ ದಾದಾಸಾಹೇಬ, ಪ್ಯಾಂಟಿನ ನಾವು

ಅರವತ್ತರ ದಶಕದ ರಾಜಕಾರಣಿಗಳ ಹೆಸರು ಹೇಳ್ರಪ್ಪಾ ಅಂದರೆ ನಮ್ಮ ಡಿಗ್ರಿ ಹುಡುಗರು ಗಡಗಡ ಒಪ್ಪಿಸ್ತಾರೆ: ನೆಹರೂ, ಶಾಸ್ತ್ರಿ, ಕಾಮರಾಜ್, ನಿಜಲಿಂಗಪ್ಪ. ಲೋಹಿಯಾ ಅಂತ ಒಬ್ಬಿಬ್ಬರು ಸೇರಿಸ್ತಾರೆ. ದಾದಾಸಾಹೇಬ ಗಾಯಕವಾಡ ಎಂದರೆ ಮುಖ ಮುಖ ನೋಡ್ತಾರೆ. ನಮ್ಮ ಕೇರಿಯ ಹುಡುಗರೂ ನೋಡ್ತಾರೆ, ಹೊಟ್ಟೆ ಉರಿಯುವುದು ಅದಕ್ಕೆ.

ನಾಸಿಕದ ಕಡೆಯ ಮನುಷ್ಯ. 1930ರಲ್ಲಿ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಬಾಬಾಸಾಹೇಬರ ಜೊತೆ ನಿಂತವರು. ಬಾಬಾಸಾಹೇಬರು ಹೋದ ಮೇಲೆ, 1957ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷದೊಳಗೆ ನೆಲದ ಪ್ರಶ್ನೆ ಎತ್ತಿದರು. 1959ರಲ್ಲಿ ಮಹಾರಾಷ್ಟ್ರದ ಕೂಲಿ ಜನರನ್ನು ಕಟ್ಟಿಕೊಂಡು ಜೈಲು ತುಂಬಿದರು. 1964ರಲ್ಲಿ ಪ್ರಧಾನಿ ಶಾಸ್ತ್ರಿಗಳ ಮುಂದೆ ಬೇಡಿಕೆ ಇಟ್ಟರು: ಉಳುವವನಿಗೆ ಹೊಲ, ಪಾಳು ಭೂಮಿ ಭೂಮಿಯಿಲ್ಲದವರಿಗೆ, ಕನಿಷ್ಠ ಕೂಲಿ ಕಾಯ್ದೆ ಜಾರಿ, ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಬಾಬಾಸಾಹೇಬರ ಪಟ. ಡಿಸೆಂಬರ್ 6ರಿಂದ, ಬಾಬಾಸಾಹೇಬರು ತೀರಿಕೊಂಡ ದಿನದಿಂದಲೇ, ಸತ್ಯಾಗ್ರಹ ಹೂಡಿದರು. ಚಳವಳಿಯ ಲೆಕ್ಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಹೆಂಗಸರೂ ಜೈಲಿಗೆ ಹೋದರು.

ಪಟ ಬಂತು ಸ್ವಾಮಿ, 1990ರಲ್ಲಿ. ನೆಲ? ಪಟಕ್ಕೆ ಎರಡು ಮೊಳ ಗೋಡೆ ಸಾಕು. ನೆಲ ಕೊಟ್ಟರೆ ಗೌಡರ ಗದ್ದೆಗೆ ನಾಟಿ ಹಾಕೋಕೆ ಬರೋರು ಯಾರು?

ಆಳುವವರ ಮಾತು ಬಿಡಿ, ಅವರು ಹಾಗೇ. ನಮ್ಮವರು ಮಾಡಿದ್ದೇನು? ಪಕ್ಷದೊಳಗಿನ ಓದಿದವರ ಗುಂಪೊಂದು, ಬಿ.ಸಿ. ಕಾಂಬಳೆ ಅದರ ಮುಂದಾಳು, ಗಾಯಕವಾಡರ ವಿರುದ್ಧ ತಿರುಗಿಬಿತ್ತು. ಭೂಮಿ ಕೇಳಿ ಬೀದಿಗಿಳಿಯುವುದು ಕಮ್ಯುನಿಸ್ಟರ ದಾರಿ, ಕಾಯ್ದೆಯ ದಾರಿಯೇ ಅಂಬೇಡ್ಕರ್ ದಾರಿ ಅಂತ ವಾದ ಹೂಡಿತು. ಅದು ಧೋತರಕ್ಕೂ ಪ್ಯಾಂಟಿಗೂ ಬಿದ್ದ ಜಗಳವಾಯಿತು. ಕೆರೆಯ ನೀರಿಗಾಗಿ ಮಹಾಡದಲ್ಲಿ ಬೀದಿಗಿಳಿದವರು ಯಾರು ಅಂತ ಆ ಪ್ಯಾಂಟಿನವರು ಮರೆತರೇ?

ಗಾಯಕವಾಡರೇನೂ ದೇವರಲ್ಲ. 1967ರಲ್ಲಿ ಅವರೂ ಮಹಾರಾಷ್ಟ್ರದ ಕಾಂಗ್ರೆಸ್ಸಿನ ಜೊತೆ ಕೈ ಜೋಡಿಸಿದರು, 1968ರಲ್ಲಿ ಪದ್ಮಶ್ರೀ ಬಂತು. ಅದನ್ನೂ ಬರೆದಿಡೋಣ. ಆದರೆ ಜೈಲಿಗೆ ಹೋದ ಆ ಲಕ್ಷಾಂತರ ಜನ ಯಾವ ಪದ್ಮಶ್ರೀ ಕೇಳಿದ್ದರು?

ನಮ್ಮ ನಾಡಿಗೂ ಬನ್ನಿ. 1974ರ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು, ಒಳ್ಳೆಯದೇ. ಗೇಣಿಯೂ ಸಿಗದ ಕೂಲಿಯವನು ಕೂಲಿಯವನಾಗೇ ಉಳಿದ. 2020ರ ತಿದ್ದುಪಡಿ ಬೇಸಾಯ ಗೊತ್ತಿಲ್ಲದ ದುಡ್ಡಿನವರಿಗೂ ಹೊಲದ ಬಾಗಿಲು ತೆಗೆಯಿತು. ಓದಿ ನೌಕರಿ ಹಿಡಿದ ನಾವು ಬಡ್ತಿಯ ಲೆಕ್ಕದಲ್ಲಿದ್ದೇವೆ.

ಏಪ್ರಿಲ್ 14ಕ್ಕೆ ಹಾರ ಹಾಕುವ ಮೇಷ್ಟ್ರೇ, ನಿಮ್ಮೂರ ಗೋಮಾಳ ಎಷ್ಟು ಎಕರೆ, ಈಗ ಯಾರ ಬೇಲಿಯೊಳಗಿದೆ? ತಾಲೂಕು ಕಚೇರಿಗೆ ಹೋಗಿ ಪಹಣಿ ತೆಗೆಸಿ. ಹೋಗುವಾಗ ಕೇರಿಯ ನಾಲ್ಕು ಜನರನ್ನೂ ಕರಕೊಂಡು ಹೋಗಿ.