ಕೋಳಿಮರಿಗೆ ತಾಯಿ ಕೊಡುವ ಮದ್ದು

ಯಂತ್ರದ ಕಾವಿನಲ್ಲಿ ಹುಟ್ಟಿದ ಕೋಳಿಮರಿಗಳನ್ನು ತಂದು ಸಾಕುತ್ತಿರುವ ಸೋದರಿಯೊಬ್ಬರು, ಅವುಗಳ ಹೊಟ್ಟೆ ಕೆಡದಂತೆ ಮೊದಲ ದಿನದಿಂದಲೇ ಆಂಟಿಬಯಾಟಿಕ್ ಔಷಧವನ್ನು ನೀರಿನಲ್ಲಿ ಬೆರೆಸಿ ಕೊಡಬಹುದೇ ಎಂದು ಕೇಳಿರುವರು. ಬೇಡವೆಂದೇ ನಮ್ಮ ಬಿನ್ನಹ. ಅದಕ್ಕೆ ಕಾರಣವುಂಟು.

ತಾಯಿಕೋಳಿಯ ರೆಕ್ಕೆಯಡಿ ಹುಟ್ಟಿದ ಮರಿಯು ಆಕೆಯೊಡನೆ ಕೆದಕುತ್ತ, ಕುಕ್ಕುತ್ತ, ಆಕೆಯ ಕರುಳಿನ ಹಿತಕರ ಜೀವಾಣುಗಳನ್ನು ತಾನೂ ಪಡೆಯುವುದು. ಇವು ಮೊದಲೇ ಬಂದು ಬೀಡುಬಿಟ್ಟರೆ ರೋಗಾಣುಗಳಿಗೆ ಎಡೆ ದೊರೆಯುವುದು ಕಷ್ಟ. ಯಂತ್ರದ ಮರಿಗಾದರೋ ಈ ಕೊಡುಗೆಯಿಲ್ಲ. ಅದರ ಕರುಳು ಬಾಗಿಲು ತೆರೆದಿಟ್ಟ ಬರಿಯ ಮನೆ. ಫಿನ್ಲೆಂಡಿನ ನುರ್ಮಿ, ರಂತಾಲ ಎಂಬ ವಿದ್ವಾಂಸರು ಬೆಳೆದ ಕೋಳಿಗಳ ಕರುಳಿನ ದ್ರವ್ಯವನ್ನು ಎಳೆಯ ಮರಿಗಳಿಗೆ ಕೊಟ್ಟು, ಸಾಲ್ಮೊನೆಲ್ಲಾ ರೋಗಾಣುವನ್ನು ತಡೆಯಬಹುದೆಂದು 1973ರಲ್ಲಿ ಪ್ರಕಟಿಸಿದರು. ಇದು ಪ್ರಯೋಗಶಾಲೆಯ ಕೆಲಸ, ಮನೆಯಲ್ಲಿ ಮಾಡತಕ್ಕುದಲ್ಲ.

ಆಂಟಿಬಯಾಟಿಕ್ ಔಷಧವು ರೋಗಾಣುಗಳೊಡನೆ ಹಿತಕರ ಜೀವಾಣುಗಳನ್ನೂ ಕೊಲ್ಲುವುದು. ಅಳಿಯದೆ ಉಳಿದ ರೋಗಾಣುವು ಔಷಧಕ್ಕೆ ಬಗ್ಗದ ಸಂತತಿಯನ್ನು ಬೆಳೆಸುವುದು. ನಾಳೆ ಮನೆಯ ಮಗುವಿಗೇ ಆ ಔಷಧವು ಬೇಕಾದಾಗ ನಿಷ್ಫಲವಾದೀತು! ಆದಕಾರಣವೇ ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಇವನ್ನು ಮೇವಿನಲ್ಲಿ ಬೆರೆಸುವುದನ್ನು 2006ರಿಂದ ನಿಷೇಧಿಸಿತು. ಕೋಳಿ ಮೊದಲಾದವಕ್ಕೆ ಕೊಲಿಸ್ಟಿನ್ ಕೊಡುವುದನ್ನು ನಮ್ಮ ದೇಶವು 2019ರಲ್ಲಿ ನಿಷೇಧಿಸಿತು.

ಹಾಗಾದರೆ ಮಾಡತಕ್ಕುದೇನು? ಕಾವು ಕೂರುವ ನಾಟಿಕೋಳಿಯಿದ್ದರೆ ಅದರಿಂದಲೇ ಮರಿ ಮಾಡಿಸುವುದು ಲೇಸು. ಯಂತ್ರದ ಮರಿಗಳಿಗೆ ಬೆಚ್ಚಗಿನ ಎಡೆ, ಭತ್ತದ ಹೊಟ್ಟಿನ ಒಣಹಾಸು, ಶುದ್ಧವಾದ ನೀರು, ಇವೇ ಮೊದಲ ಮದ್ದು. ಹಾಸು ತೇವಗೊಂಡರೆ ರಕ್ತಭೇದಿಯ ರೋಗಾಣುಗಳು ಬಲಿಯುವುವು. ನೀರಿನ ಜೊತೆಗೆ, ಉಪ್ಪು ಹಾಕದ ತಿಳಿಮಜ್ಜಿಗೆಯನ್ನು ಸ್ವಲ್ಪ ಇಡಬಹುದು. ಅದಕ್ಕೆ ಮಣ್ಣಿನ ಪಾತ್ರೆಯೇ ಒಳ್ಳೆಯದು. ಸತುವು ಬಳಿದ ತಗಡಿನದು ಕೂಡದು, ಹುಳಿಗೆ ಸತುವು ಕರಗಿ ವಿಷವಾಗುವುದು. ಉಳಿದ ಮಜ್ಜಿಗೆಯನ್ನು ಅಂದೇ ಚೆಲ್ಲಿ ಪಾತ್ರೆಯನ್ನು ತೊಳೆಯಬೇಕು. ಬೆಳ್ಳುಳ್ಳಿ, ಅರಿಸಿನಗಳನ್ನು ಮೇವಿನಲ್ಲಿ ಕೊಡುವ ವಾಡಿಕೆಯೂ ಉಂಟು. ಆದರೆ ಬಂದ ಬೇನೆಗೆ ಅವನ್ನೇ ನೆಚ್ಚಿ ಕೂರಬಾರದು.

ಮರಿಯು ಗರಿ ಕೆದರಿ ಮುದುಡಿ ಕುಳಿತರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ತಡಮಾಡದೆ ಪಶುವೈದ್ಯರನ್ನು ಕಾಣತಕ್ಕುದು. ಅವರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ಔಷಧವನ್ನು ನಾವು ಹಳಿಯುತ್ತಿಲ್ಲ. ಬೇಕಾದ ಹೊತ್ತಿಗೆ ಅದು ಫಲಿಸಲೆಂದೇ, ಬೇಡದ ಹೊತ್ತಿನಲ್ಲಿ ಅದನ್ನು ಮುಟ್ಟದಿರಿ ಎನ್ನುತ್ತೇವೆ.